ವೃಂದವೂ ವಿದ್ಯಾರ್ಥಿಯೂ: ಗದಗು-ಕೊಪ್ಪಳ ಸೀಮೆಯ ಮೇಳಗಳೂ ತರುಣರ ಸಂಗೀತವಿಕಾಸವೂ

೧

ಸಂಗೀತಗಾರನೊಬ್ಬನ ಚರಿತ್ರೆಯನ್ನು ಬರೆಯಹೊರಟವರು ಮೊದಲು ಕೇಳುವ ಪ್ರಶ್ನೆ, ಈತನ ಗುರು ಯಾರು ಎಂಬುದು. ಎರಡನೆಯ ಪ್ರಶ್ನೆ, ಆ ಗುರುವಿನ ಗುರು ಯಾರು ಎಂಬುದು. ಹೀಗೆ ಒಂದೊಂದೇ ಮೆಟ್ಟಿಲನ್ನು ಏರುತ್ತ ಹೋಗಿ, ಘರಾಣೆಯ ಮೂಲಪುರುಷನನ್ನು ಮುಟ್ಟಿದಲ್ಲಿಗೆ ಚರಿತ್ರೆಯು ಪೂರ್ಣವಾಯಿತೆಂದು ಭಾವಿಸುವ ವಾಡಿಕೆಯುಂಟು. ಶಾಸ್ತ್ರವಿದ್ಯೆಗಳಲ್ಲಿ ಗುರುಪರಂಪರೆಗೆ ಸಲ್ಲುವ ಗೌರವವನ್ನು ನೆನೆದರೆ ಈ ವಾಡಿಕೆಯು ಸಹಜವಾದುದೇ ಸರಿ. ಆದರೆ ಇದರಿಂದ ಒಂದು ದೊಡ್ಡ ಲೋಪವೂ ಉಂಟಾಗಿದೆ. ಹುಡುಗನು ಗುರುವಿನ ಮನೆಯ ಬಾಗಿಲಿಗೆ ಬರುವುದಕ್ಕೆ ಮುಂಚೆ ಅವನ ಕಿವಿಯನ್ನು ತೆರೆದವರು ಯಾರು, ಹಾಡಬೇಕು ಬಾರಿಸಬೇಕು ಎಂಬ ಹಂಬಲವನ್ನು ಅವನಲ್ಲಿ ಹುಟ್ಟಿಸಿದವರು ಯಾರು, ಹತ್ತು ಜನರ ನಡುವೆ ನಿಂತು ತಾಳ ತಪ್ಪದೆ ನಡೆಯುವ ಧೈರ್ಯವನ್ನು ಕೊಟ್ಟವರು ಯಾರು ಎಂಬ ಪ್ರಶ್ನೆಗಳು ಕೇಳಲ್ಪಡದೆಯೇ ಉಳಿದುಹೋಗಿವೆ.

ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಹೊರಟರೆ ಎದುರಾಗುವುದು ಒಬ್ಬ ವ್ಯಕ್ತಿಯಲ್ಲ, ಒಂದು ಮೇಳ. ಭಜನೆಯ ಮೇಳ, ಬಯಲಾಟದ ಮೇಳ, ದೇವರ ಮೆರವಣಿಗೆಯ ಮುಂದೆ ಬಾರಿಸುವ ಮೇಳ, ಊರಿಂದೂರಿಗೆ ಡೇರೆ ಹಾಕುತ್ತ ತಿರುಗುವ ನಾಟಕ ಮಂಡಳಿ, ಇವು ಗುರುಪರಂಪರೆಯ ವಂಶವೃಕ್ಷದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳವು. ಹೀಗಿದ್ದರೂ ಉತ್ತರ ಕರ್ನಾಟಕದ ದೊಡ್ಡ ಗಾಯಕರಲ್ಲಿ ಹಲವರ ಬಾಲ್ಯವನ್ನು ವಿಚಾರಿಸಿದರೆ, ಗುರುವಿಗಿಂತ ಮೊದಲು ಮೇಳವಿದ್ದುದು ಕಂಡುಬರುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯನ್ನೂ ಅದಕ್ಕೆ ಪಡುವಣ ನೆರೆಯಾದ ಗದಗು-ಧಾರವಾಡಗಳ ಸೀಮೆಯನ್ನೂ ಒಂದಾಗಿ ಹಿಡಿದು ಈ ಸಂಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೇಳವೆಂದರೆ ಶಾಸ್ತ್ರಕ್ಕೆ ಹೊರಗಾದುದು, ಪಾಮರರ ವಿನೋದ, ಎಂಬ ಭಾವನೆಯು ವಿದ್ವಾಂಸರಲ್ಲಿಯೂ ಕೆಲವರಿಗೆ ಉಂಟು. ಶಾಸ್ತ್ರಗ್ರಂಥಗಳನ್ನು ನೋಡಿದರೆ ಈ ಭಾವನೆಗೆ ಆಧಾರ ದೊರೆಯದು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದ ಪ್ರಕೀರ್ಣಕಾಧ್ಯಾಯದಲ್ಲಿ ವೃಂದವೆಂಬ ವಿಷಯವನ್ನೇ ಪ್ರತ್ಯೇಕವಾಗಿ ಎತ್ತಿಕೊಂಡು ನಿರೂಪಿಸಿದ್ದಾನೆ. ಗಾಯಕರೂ ವಾದಕರೂ ಕೂಡಿದ ಸಮೂಹವೇ ವೃಂದ. ಉತ್ತಮವೃಂದದಲ್ಲಿ ಮುಖ್ಯಗಾಯಕರು ೪, ಅವರಿಗೆ ಸಮನಾಗಿ ಹಾಡುವವರು ೮, ಗಾಯಿಕೆಯರು ೧೨, ಕೊಳಲಿನವರು ೪, ಮೃದಂಗದವರು ೪, ಒಟ್ಟು ೩೨ ಜನರಿರಬೇಕು. ಇದರಲ್ಲಿ ಅರ್ಧದಷ್ಟಿದ್ದರೆ ಮಧ್ಯಮ. ಮುಖ್ಯಗಾಯಕನು ಒಬ್ಬನೇ ಇದ್ದು ಉಳಿದವರೂ ಅದಕ್ಕೆ ತಕ್ಕಂತೆ ಕಡಮೆಯಾದರೆ ಕನಿಷ್ಠ. ಉತ್ತಮವೃಂದಕ್ಕಿಂತ ಹೆಚ್ಚಿನ ಜನರು ಸೇರಿದರೆ ಅದಕ್ಕೆ ಕೋಲಾಹಲವೆಂದು ಹೆಸರು.

ಸಂಖ್ಯೆಗಿಂತ ಮುಖ್ಯವಾದುದು ವೃಂದದ ಗುಣಗಳನ್ನು ಆತನು ವಿಂಗಡಿಸಿರುವ ರೀತಿ. ಗುಣಗಳು ಆರು: ಮುಖ್ಯನನ್ನು ಅನುಸರಿಸಿ ನಡೆಯುವುದು, ಒಬ್ಬರ ದನಿಯಲ್ಲಿ ಇನ್ನೊಬ್ಬರ ದನಿ ಬೆರೆಯುವ ಮಿಲನ, ತಾಳಲಯಗಳನ್ನು ಬಿಡದೆ ಹಿಂಬಾಲಿಸುವುದು, ಒಬ್ಬನಲ್ಲಿ ತುಂಡಾದುದನ್ನು ಮತ್ತೊಬ್ಬನು ತುಂಬಿ ಸಾಗಿಸುವುದು, ಮಂದ್ರ, ಮಧ್ಯ, ತಾರಗಳೆಂಬ ಮೂರು ಸ್ಥಾನಗಳಲ್ಲಿಯೂ ಸಂಚರಿಸುವ ಶಕ್ತಿ, ಕಂಠಧ್ವನಿಗಳ ಸಾದೃಶ್ಯ. ಈ ಆರರಲ್ಲಿ ಮೂರು ಸ್ಥಾನಗಳ ವ್ಯಾಪ್ತಿಯೊಂದನ್ನು ಬಿಟ್ಟರೆ ಉಳಿದ ಐದೂ ಏಕಾಂತಸಾಧನೆಯಿಂದ ದೊರೆಯತಕ್ಕವಲ್ಲ ಎಂಬುದನ್ನು ಗಮನಿಸಬೇಕು. ಬೆಳಗಿನ ಜಾವದಲ್ಲಿ ತಂಬೂರಿಯನ್ನು ಹಿಡಿದು ಒಬ್ಬನೇ ಕುಳಿತು ಷಡ್ಜವನ್ನು ಸಾಧಿಸಬಹುದು. ಆದರೆ ಇನ್ನೊಬ್ಬನ ತಪ್ಪನ್ನು ಸಭೆಗೆ ತಿಳಿಯದಂತೆ ತುಂಬಿಕೊಡುವ ವಿದ್ಯೆಯನ್ನು ಒಬ್ಬನೇ ಕುಳಿತು ಸಾಧಿಸಲಾಗದು. ಆದುದರಿಂದ ಗುರುಮುಖದಿಂದ ಬರುವ ವಿದ್ಯೆಯೊಂದು, ವೃಂದಮುಖದಿಂದ ಬರುವ ವಿದ್ಯೆ ಮತ್ತೊಂದು, ಎಂದು ಶಾಸ್ತ್ರದ ಬಲದಿಂದಲೇ ಹೇಳಬಹುದಾಗಿದೆ.

೩

ಶಾರ್ಙ್ಗದೇವನ ಕಾಲದಲ್ಲಿ ಸೇವುಣರ ಆಳ್ವಿಕೆಯು ತುಂಗಭದ್ರೆಯ ಕಡೆಗೂ ಹಬ್ಬಿದ್ದಿತು. ಆ ನದಿಯ ಬಡಗಣ ದಡದ ಸೀಮೆಯೇ ಇಲ್ಲಿ ವಿಚಾರಿಸುತ್ತಿರುವ ಸೀಮೆ. ‘ಕವಿರಾಜಮಾರ್ಗ’ವು ಕನ್ನಡದ ತಿರುಳುಳ್ಳ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣವನ್ನೂ ಹೇಳಿರುವುದು ಕನ್ನಡದ ಅಧ್ಯಾಪಕರೆಲ್ಲರೂ ಬಲ್ಲ ವಿಷಯ. ಆ ಕೊಪಣವೇ ಇಂದಿನ ಕೊಪ್ಪಳ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ, ಶಾಸನದಲ್ಲಿ ದೇವಾಲಯಚಕ್ರವರ್ತಿಯೆಂದು ಕೀರ್ತಿತವಾದ ಗುಡಿಯು ಇಂದಿಗೂ ನಿಂತಿದೆ. ಆ ಕಾಲದ ದೇವಾಲಯಗಳಿಗೆ ಕೊಟ್ಟ ದತ್ತಿಗಳಲ್ಲಿ ಪಾತ್ರ-ಪಾವುಳದವರಿಗೂ ಮದ್ದಳೆಯವರಿಗೂ ಕೊಳಲಿನವರಿಗೂ ವೃತ್ತಿಯನ್ನು ಬಿಡುತ್ತಿದ್ದರೆಂಬುದು ಕನ್ನಡ ಶಾಸನಗಳನ್ನು ಓದಿದವರಿಗೆ ಹೊಸದಲ್ಲ. ಅಂದರೆ ಮೇಳವನ್ನು ಸಾಕುವುದು ಗುಡಿಯ ದೀಪಕ್ಕೆ ಎಣ್ಣೆಯನ್ನು ಒದಗಿಸುವಷ್ಟೇ ಅವಶ್ಯವಾದ ಧರ್ಮವೆಂದು ಈ ನಾಡಿನವರು ತಿಳಿದಿದ್ದರು.

ಕಾಲಾಂತರದಲ್ಲಿ ರಾಜ್ಯಗಳು ಅಳಿದುವು, ಗುಡಿಯ ವೃತ್ತಿಗಳು ನಿಂತುವು. ಮೇಳಗಳು ಮಾತ್ರ ಹಳ್ಳಿಗಳನ್ನು ಆಶ್ರಯಿಸಿ ಉಳಿದುಕೊಂಡುವು. ಕರಡಿಮಜಲೆಂಬುದು ಅವುಗಳಲ್ಲೊಂದು. ಕರಡಿಯೆಂಬ ಚರ್ಮವಾದ್ಯ, ಕಂಚಿನ ದೊಡ್ಡ ತಾಳ, ಸನಾದಿ, ಇವು ಕೂಡಿ ಜಾತ್ರೆ, ಮದುವೆ, ದೇವರ ಪಲ್ಲಕ್ಕಿಗಳ ಮುಂದೆ ನುಡಿಯುವುವು. ಮಜಲೆಂದರೆ ಪ್ರಯಾಣದ ಘಟ್ಟ. ಹೆಸರೇ ಹೇಳುವಂತೆ ಇದು ನಡೆಯುತ್ತ ಸಾಗುವ ಸಂಗೀತ. ದೊಡ್ಡಾಟದಲ್ಲಿ ಮದ್ದಳೆ, ತಾಳ, ಮುಖವೀಣೆಗಳೂ ಅನಂತರ ಸೇರಿಕೊಂಡ ಹಾರ್ಮೋನಿಯಮ್ಮೂ ಹಿಮ್ಮೇಳವಾಗಿ ನಿಂತು ರಾತ್ರಿಯೆಲ್ಲ ನುಡಿಯಬೇಕು. ತೊಗಲುಗೊಂಬೆಯ ಆಟದಲ್ಲಿ ಒಂದು ಕುಟುಂಬವೇ ಒಂದು ವೃಂದ. ಒಬ್ಬರು ಪರದೆಯ ಹಿಂದೆ ಬೊಂಬೆಯನ್ನು ಆಡಿಸಿದರೆ ಉಳಿದವರು ಹಾಡಿ ಬಾರಿಸುವರು. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ, ೯೬ ವರ್ಷ ವಯಸ್ಸಿನಲ್ಲಿ, ಪದ್ಮಶ್ರೀ ಪ್ರಶಸ್ತಿಯು ಸಂದುದರಿಂದ ಈ ಕಲೆಯ ಹೆಸರು ನಾಡಿನ ಹೊರಗೂ ಕೇಳಿಬಂದಿತು. ಮೊಹರಮ್ಮಿನ ದಿನಗಳಲ್ಲಿ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಹಾಡುವ ರಿವಾಯತು ಪದಗಳೂ ಹಲಗೆಯ ಬಡಿತಕ್ಕೆ ಇಡುವ ಹೆಜ್ಜೆಯೂ ಈ ಸೀಮೆಯ ಮಕ್ಕಳ ಕಿವಿಗೆ ತಾಯಿಯ ಜೋಗುಳದ ಬೆನ್ನಿಗೇ ಬೀಳತಕ್ಕವು.

ಇಂಥ ಮೇಳಗಳಲ್ಲಿ ಹುಡುಗನಿಗೆ ಪಾಠವೆಂದು ಯಾರೂ ಹೇಳಿಕೊಡುವುದಿಲ್ಲ. ಮೊದಲು ಅವನು ವಾದ್ಯವನ್ನು ಹೊರುತ್ತಾನೆ. ಅನಂತರ ತಾಳವನ್ನು ಹಿಡಿಯುತ್ತಾನೆ. ಹಿರಿಯನೊಬ್ಬನು ದಣಿದು ಕೈಬಿಟ್ಟ ಗಳಿಗೆಯಲ್ಲಿ ಅವನ ಜಾಗದಲ್ಲಿ ನಿಲ್ಲುತ್ತಾನೆ. ತಪ್ಪಿದರೆ ಹಿರಿಯರ ಕಣ್ಣು ಕೆಂಪಾಗುವುದು, ಆದರೆ ಮೇಳವು ನಿಲ್ಲುವುದಿಲ್ಲ. ನಿಲ್ಲದಿರುವುದರಿಂದಲೇ ಅವನು ಕಲಿಯುತ್ತಾನೆ. ಶಾರ್ಙ್ಗದೇವನು ಹೇಳಿದ ನಾಲ್ಕನೆಯ ಗುಣವು ಇಲ್ಲಿ ಪುಸ್ತಕವಿಲ್ಲದೆ ಅಭ್ಯಾಸವಾಗುತ್ತದೆ.

ಕೊಪ್ಪಳದ ಸೀಮೆಯು ೧೯೪೮ರ ವರೆಗೆ ನಿಜಾಮರ ರಾಜ್ಯಕ್ಕೆ ಸೇರಿದ್ದಿತು. ಗದಗು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಎರಡೂ ೧೯೫೬ರ ನವೆಂಬರ್ ೧ರಂದು ಒಂದೇ ರಾಜ್ಯದಲ್ಲಿ ಕೂಡಿದುವು. ಅದಕ್ಕೆ ಮುಂಚೆ ಆಡಳಿತದ ಭಾಷೆ, ಶಾಲೆ, ಕಾಯಿದೆ ಎಲ್ಲವೂ ಬೇರೆಬೇರೆಯಾಗಿದ್ದರೂ ಜಾತ್ರೆಗೆ ಹೋಗುವ ಮೇಳಕ್ಕೆ ಗಡಿಯು ಅಡ್ಡಿಯಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹುಬ್ಬಳ್ಳಿಯಿಂದ ಗದಗು, ಕೊಪ್ಪಳಗಳ ಮೇಲೆ ಹೊಸಪೇಟೆ, ಬಳ್ಳಾರಿಗಳ ಕಡೆಗೆ ರೈಲು ಹಾದಿಯಾದ ಮೇಲಂತೂ ನಾಟಕ ಮಂಡಳಿಗಳಿಗೆ ಪರದೆ ಪೆಟ್ಟಿಗೆಗಳನ್ನು ಸಾಗಿಸುವುದು ಸುಲಭವಾಯಿತು. ಸರಕಾರದ ಕಾಗದಗಳಲ್ಲಿ ಎರಡಾಗಿದ್ದ ಸೀಮೆಯು ಮೇಳಗಳ ಸಂಚಾರದಲ್ಲಿ ಒಂದೇ ಆಗಿದ್ದಿತು. ಸಂಗೀತದ ಚರಿತ್ರೆಯಲ್ಲಿ ಗದಗು-ಕೊಪ್ಪಳಗಳನ್ನು ಒಂದಾಗಿ ನೋಡತಕ್ಕದ್ದು ಈ ಕಾರಣದಿಂದ.

೪

ಈ ಮೇಳಗಳಲ್ಲಿ ನಾಟಕ ಮಂಡಳಿಗೆ ವಿಶೇಷವಾದ ಸ್ಥಾನವುಂಟು. ಶಾಂತಕವಿಗಳೆಂದು ಪ್ರಸಿದ್ಧರಾದ ಸಕ್ಕರಿ ಬಾಳಾಚಾರ್ಯರು (೧೮೫೬-೧೯೨೦) ಮರಾಠಿ ನಾಟಕಗಳ ಪ್ರಾಬಲ್ಯವನ್ನು ಕಂಡು ಗದಗಿನಲ್ಲಿ ಕನ್ನಡದ ಮಂಡಳಿಯನ್ನು ಕಟ್ಟಿಸಿದರು. ಮುಂದೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿ ಮೊದಲಾದುವು ಹೆಸರಾದುವು. ಆ ನಾಟಕಗಳಲ್ಲಿ ಮಾತಿಗಿಂತ ಹಾಡು ಹೆಚ್ಚು. ನಟನಿಗೆ ಮೊದಲು ಬೇಕಾದುದು ಕಂಠ. ದನಿಯನ್ನು ದೊಡ್ಡದು ಮಾಡುವ ಯಂತ್ರಗಳು ಇನ್ನೂ ಬಾರದಿದ್ದ ಕಾಲದಲ್ಲಿ ಡೇರೆಯ ಕೊನೆಯಲ್ಲಿ ಕುಳಿತವನಿಗೂ ಅಕ್ಷರಾಕ್ಷರವಾಗಿ ಕೇಳುವಂತೆ ಹಾಡಬೇಕಾಗಿದ್ದಿತು. ಅದೂ ಆರ್ಗನ್ನಿನ ಶ್ರುತಿಗೆ ಸೇರಿ, ತಬಲೆಯ ಲಯಕ್ಕೆ ನಡೆದು, ಎದುರಿನ ಪಾತ್ರದ ಹಾಡು ಮುಗಿದಲ್ಲಿಂದ ಎತ್ತಿಕೊಂಡು.

ಮಲ್ಲಿಕಾರ್ಜುನ ಮನಸೂರರ ವಿಕಾಸವು ಇದಕ್ಕೆ ಮೊದಲನೆಯ ನಿದರ್ಶನ. ೧೯೧೦ರ ದಶಂಬರ ೩೧ರಂದು ಧಾರವಾಡದ ಬಳಿಯ ಮನಸೂರಿನಲ್ಲಿ ಹುಟ್ಟಿದ ಇವರು, ಅಣ್ಣ ಬಸವರಾಜರನ್ನು ಅನುಸರಿಸಿ ಒಂಬತ್ತನೆಯ ವಯಸ್ಸಿನ ಸುಮಾರಿಗೆ ನಾಟಕದ ರಂಗವನ್ನು ಏರಿದರು. ರಂಗದ ಮೇಲಿನ ಅವರ ಹಾಡನ್ನು ಕೇಳಿ ಮೆಚ್ಚಿದ ಅಪ್ಪಯ್ಯಸ್ವಾಮಿಗಳಿಂದ ಕರ್ನಾಟಕ ಪದ್ಧತಿಯ ಮೊದಲ ಪಾಠವಾಯಿತು. ಅನಂತರ ಗ್ವಾಲಿಯರ್ ಘರಾಣೆಗೆ ಸೇರಿದ ಮಿರಜಿನ ನೀಲಕಂಠಬುವಾ ಆಲೂರಮಠರಲ್ಲಿ ಹಿಂದುಸ್ಥಾನಿ ಶಿಕ್ಷಣ. ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ ಖಾನ್, ಭುರ್ಜೀ ಖಾನರಲ್ಲಿ ಜಯಪುರ-ಅತ್ರೌಲಿ ಘರಾಣೆಯ ಶಿಕ್ಷಣ. ವಂಶವೃಕ್ಷವನ್ನು ಬರೆಯುವವರು ಈ ನಾಲ್ಕು ಹೆಸರುಗಳನ್ನು ಬರೆದು ಮುಗಿಸುತ್ತಾರೆ. ಆದರೆ ಮೊದಲನೆಯ ಗುರುವು ಈ ಹುಡುಗನನ್ನು ಕಂಡುದು ಎಲ್ಲಿ? ನಾಟಕದ ರಂಗದಲ್ಲಿ. ಮಂಡಳಿಯಿರದಿದ್ದರೆ ಆ ಗುರುವಿನ ಕಿವಿಗೆ ಆ ಕಂಠವು ಬೀಳುವ ಹಾದಿಯೇ ಇರಲಿಲ್ಲ. ಒಕ್ಕಲುತನದ ಮನೆಯ ಹುಡುಗನನ್ನು ಗುರುವಿನ ಎದುರಿಗೆ ತಂದು ನಿಲ್ಲಿಸಿದ ಉಪಕಾರವು ಮೇಳದ್ದು.

ಕುಂದಗೋಳದ ರಾಮಭಾವು (೧೮೮೬-೧೯೫೨) ಅವರ ಚರಿತ್ರೆಯಲ್ಲಿ ಕ್ರಮವು ತಿರುಗುಮುರುಗಾಗಿದೆ. ಅವರು ಮೊದಲು ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರಲ್ಲಿ ಕಲಿತು, ಅನಂತರ ನಾಟಕ ಮಂಡಳಿಯನ್ನು ಸೇರಿದರು. ಗುರುಗಳಿಗೆ ಇದು ಮೆಚ್ಚಿಗೆಯಾಗಿರಲಿಲ್ಲವೆಂಬ ಪ್ರತೀತಿಯುಂಟು. ಆದರೂ ಸವಾಯಿ ಗಂಧರ್ವರೆಂಬ ಬಿರುದು ಅವರಿಗೆ ಬಂದುದು ರಂಗಭೂಮಿಯ ಗಾಯನದಿಂದಲೇ. ಇಂದು ಲೋಕವು ಅವರನ್ನು ನೆನೆಯುವುದೂ ಆ ಹೆಸರಿನಿಂದಲೇ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳೂ (೧೮೯೨-೧೯೪೪) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (೧೯೧೪-೨೦೧೦) ಇನ್ನೊಂದು ದೃಷ್ಟಾಂತ. ಇಬ್ಬರೂ ಅಂಧರು. ಪಂಚಾಕ್ಷರಿ ಗವಾಯಿಗಳ ಪಾಠಶಾಲೆಯು ಮೊದಲಿಗೆ ಒಂದು ಊರಿನಲ್ಲಿ ನೆಲೆಗೊಳ್ಳದೆ ಶಿಷ್ಯರೊಡನೆ ಊರೂರು ಸಂಚರಿಸಿತು. ಅಂಧರಿಗೂ ಅನಾಥರಿಗೂ ಅನ್ನ ವಿದ್ಯೆಗಳನ್ನು ಒದಗಿಸುವ ಈ ಸಂಸ್ಥೆಯು ತನ್ನ ನಿರ್ವಾಹಕ್ಕಾಗಿ ನಾಟಕ ಮಂಡಳಿಯನ್ನೂ ಕಟ್ಟಿ ನಡೆಸಿತು. ಇಲ್ಲಿ ಗುರುಕುಲ, ಮೇಳ ಎಂಬ ಎರಡು ಸಂಸ್ಥೆಗಳು ಬೇರೆಯಾಗಿ ಉಳಿಯದೆ ಒಂದರೊಳಗೊಂದು ಸೇರಿಹೋದುವು. ಹಗಲು ಅಲಂಕಾರಗಳನ್ನು ಸಾಧಿಸಿದ ಶಿಷ್ಯನು ರಾತ್ರಿ ಸಭೆಯ ಮುಂದೆ ಅದನ್ನು ಪರೀಕ್ಷಿಸಿಕೊಳ್ಳುವಂತಾಯಿತು. ಪುಟ್ಟರಾಜ ಗವಾಯಿಗಳು ಹಲವು ವಾದ್ಯಗಳಲ್ಲಿ ಪ್ರವೀಣರಾದುದಕ್ಕೆ ಅವರ ಮೇಧಾಶಕ್ತಿಯು ಮುಖ್ಯ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೇಳದಲ್ಲಿ ಯಾವ ವಾದ್ಯದವನು ಇಲ್ಲವೋ ಆ ವಾದ್ಯವನ್ನು ಇದ್ದವನೇ ಎತ್ತಿಕೊಳ್ಳಬೇಕಾಗುವ ವೃಂದಜೀವನವೂ ಅದಕ್ಕೆ ಅನುಕೂಲಿಸಿರಬೇಕೆಂದು ಊಹಿಸಬಹುದು.

೫

ಭೀಮಸೇನ ಜೋಶಿಯವರ ಬಾಲ್ಯವು ಈ ವಿಚಾರಕ್ಕೆ ಇನ್ನೂ ಸ್ಪಷ್ಟವಾದ ಸಾಕ್ಷ್ಯವನ್ನು ಒದಗಿಸುತ್ತದೆ. ಅವರು ೧೯೨೨ರ ಫೆಬ್ರುವರಿ ೪ರಂದು ಅಂದಿನ ಧಾರವಾಡ ಜಿಲ್ಲೆಯ ಗದಗು ಸೀಮೆಯಲ್ಲಿ, ಶಾಲೆಯ ಉಪಾಧ್ಯಾಯರಾದ ಗುರುರಾಜ ಜೋಶಿಯವರ ಮಗನಾಗಿ ಜನಿಸಿದರು. ಬೀದಿಯಲ್ಲಿ ವಾದ್ಯದ ಮೇಳವೊಂದು ಮೆರವಣಿಗೆಯಲ್ಲಿ ಹೋದರೆ ಈ ಹುಡುಗನು ಅದರ ಬೆನ್ನು ಹತ್ತಿ ನಡೆದುಬಿಡುತ್ತಿದ್ದನು. ದಣಿದ ಮೇಲೆ ಎಲ್ಲಿಯೋ ಒಂದು ಕಡೆ ಮಲಗಿ ನಿದ್ರೆಹೋಗುತ್ತಿದ್ದನು. ಹುಡುಕಿ ಹುಡುಕಿ ಬೇಸತ್ತ ತಂದೆಯು, ಇವನು ಜೋಶಿ ಮಾಸ್ತರರ ಮಗನೆಂದು ಅಂಗಿಯ ಮೇಲೆ ಬರೆದುಬಿಟ್ಟರು. ಆಮೇಲೆ ಕಂಡವರು ಹುಡುಗನನ್ನು ಮನೆಗೆ ತಂದುಬಿಡುತ್ತಿದ್ದರೆಂದು ಪ್ರಸಿದ್ಧವಾಗಿದೆ. ಇದನ್ನು ಬಾಲಲೀಲೆಯೆಂದು ನಕ್ಕು ಬಿಡುವುದುಂಟು. ಆದರೆ ಚರಿತ್ರಕಾರನು ಇದನ್ನು ಶಿಕ್ಷಣದ ಮೊದಲ ಅಧ್ಯಾಯವೆಂದು ಎಣಿಸತಕ್ಕದ್ದು. ಆ ಮೇಳದವರು ಯಾರು, ಏನನ್ನು ಬಾರಿಸಿದರು ಎಂಬುದನ್ನು ಯಾರೂ ಬರೆದಿಡಲಿಲ್ಲ. ಮುಂದೆ ೨೦೦೮ರಲ್ಲಿ ಭಾರತರತ್ನವೆಂದು ಘೋಷಿತರಾದ ಗಾಯಕರನ್ನು ಮೊಟ್ಟಮೊದಲು ಮನೆಯಿಂದ ಹೊರಕ್ಕೆ ಎಳೆದ ಸಂಗೀತಗಾರರು ಹೆಸರಿಲ್ಲದವರು.

ಮೆರವಣಿಗೆಯ ಮೇಳದ ಬಳಿಕ ಎರಡನೆಯ ಪ್ರೇರಣೆಯು ಒಂದು ಯಂತ್ರದಿಂದ ಬಂದಿತು. ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿಯ ಧ್ವನಿಮುದ್ರಿಕೆಯನ್ನು ಕೇಳಿ, ತಾನೂ ಹಾಗೆ ಹಾಡಬೇಕೆಂಬ ಹಂಬಲವು ಹುಡುಗನಲ್ಲಿ ಬೇರೂರಿತು. ನಿಮಿಷಕ್ಕೆ ೭೮ ಸುತ್ತು ತಿರುಗುವ ಆ ತಟ್ಟೆಯ ಒಂದು ಮೈಯಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷಗಳ ಸಂಗೀತ ಮಾತ್ರ. ಗುರುವಾದರೋ ಒಮ್ಮೆ ಹೇಳಿದಂತೆ ಇನ್ನೊಮ್ಮೆ ಹೇಳುವುದಿಲ್ಲ. ತಟ್ಟೆಯು ನೂರು ಸಲವೂ ಒಂದೇ ಬಗೆಯಾಗಿ ಹೇಳುತ್ತದೆ. ಆದುದರಿಂದ ಕೇಳುವವನು ಸ್ವರದ ಒಂದೊಂದು ಬಳುಕನ್ನೂ ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಬಹುದು. ಆದರೆ ತಟ್ಟೆಯು ಕೇಳುವವನ ತಪ್ಪನ್ನು ತಿದ್ದಲಾರದು. ಈ ಕೊರತೆಯನ್ನು ಅರಿತೇ ಹನ್ನೊಂದು ವರ್ಷದ ಹುಡುಗನು ೧೯೩೩ರಲ್ಲಿ ಗುರುವನ್ನು ಅರಸಿ ಮನೆಯನ್ನು ಬಿಟ್ಟನು. ಗ್ವಾಲಿಯರ್ ಮೊದಲಾದ ಉತ್ತರದ ನಗರಗಳನ್ನೆಲ್ಲ ಸುತ್ತಿ ಕೊನೆಗೆ ಜಾಲಂಧರದಲ್ಲಿ ತಂದೆಯ ಕೈಗೆ ಸಿಕ್ಕಿದನು. ಇಷ್ಟು ದೂರ ಅಲೆದವನಿಗೆ ಗುರುವು ದೊರೆತುದು ತನ್ನ ಸೀಮೆಯ ಕುಂದಗೋಳದಲ್ಲಿಯೇ. ೧೯೩೬ರಲ್ಲಿ ಅವರು ಸವಾಯಿ ಗಂಧರ್ವರ ಶಿಷ್ಯರಾದರು. ಯಾರ ಧ್ವನಿಮುದ್ರಿಕೆಯು ಹುಡುಗನನ್ನು ಎಬ್ಬಿಸಿತೋ ಅವರ ಶಿಷ್ಯರೇ ಅವನನ್ನು ತಿದ್ದಿದರು. ಹೀಗೆ ಮೇಳವು ಹಂಬಲವನ್ನು, ಮುದ್ರಿಕೆಯು ಆದರ್ಶವನ್ನು, ಗುರುವು ವಿದ್ಯೆಯನ್ನು ಕೊಟ್ಟಂತಾಯಿತು. ಮೂರರಲ್ಲಿ ಯಾವುದೊಂದನ್ನು ಬಿಟ್ಟರೂ ಚರಿತ್ರೆಯು ಕುಂಟಾಗುತ್ತದೆ.

೬

ಇದು ಗತಕಾಲದ ಮಾತು, ಇಂದಿನ ತರುಣರಿಗೆ ಅನ್ವಯಿಸದು, ಎಂದು ಆಕ್ಷೇಪಿಸಬಹುದು. ಅದನ್ನು ಪರೀಕ್ಷಿಸುವುದಕ್ಕೆ ನಮ್ಮ ಪದ್ಧತಿಗೆ ಅತ್ಯಂತ ದೂರವೆಂದು ತೋರುವ ಒಂದು ಸಂಗೀತವನ್ನೇ ತೆಗೆದುಕೊಳ್ಳುವುದು ಉಚಿತ. ಹೆವಿ ಮೆಟಲ್, ಅಂದರೆ ಪದಶಃ ಭಾರವಾದ ಲೋಹವೆಂದು ಅರ್ಥವಾಗುವ ಪಾಶ್ಚಾತ್ಯ ವೃಂದಸಂಗೀತವು ಅಂಥದು. ಇದರ ಮುಖ್ಯವಾದ್ಯವಾದ ಗಿಟಾರ್ ಮೆಟ್ಟಿಲುಗಳುಳ್ಳ ತಂತಿವಾದ್ಯ. ಮೆಟ್ಟಿಲುಗಳ ತಂತಿವಾದ್ಯವು ಈ ಸೀಮೆಗೆ ಅಪರಿಚಿತವಲ್ಲ: ‘ಸಂಗೀತರತ್ನಾಕರ’ವು ಸಾರಿಗಳುಳ್ಳ ಕಿನ್ನರಿಯನ್ನು ವಿವರಿಸುತ್ತದೆ, ಕಲ್ಯಾಣದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನೆಂಬ ಹೆಸರೇ ಉಂಟು, ಗಂಗಾವತಿ ಸೀಮೆಯ ಆನೆಗೊಂದಿಗೆ ಹೊಳೆಯಾಚೆಯ ವಿಜಯನಗರದ ಆಶ್ರಯದಲ್ಲಿ ೧೫೫೦ರಲ್ಲಿ ರಾಮಾಮಾತ್ಯನು ರಚಿಸಿದ ‘ಸ್ವರಮೇಳಕಲಾನಿಧಿ’ಯು ವೀಣೆಯ ಮೆಟ್ಟಿಲುಗಳನ್ನು ಇಡುವ ಕ್ರಮವನ್ನು ವಿಚಾರಿಸುತ್ತದೆ. ಆದುದರಿಂದ ಗಿಟಾರಿನ ವಿಷಯವು ಇಲ್ಲಿನ ವಿದ್ವಾಂಸರಿಗೆ ತೀರ ಹೊರಗಿನದೆಂದು ತಳ್ಳುವಂತಿಲ್ಲ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ೧೯೬೮ರಲ್ಲಿ ಕೂಡಿದ ಬ್ಲ್ಯಾಕ್ ಸಬ್ಬತ್ ಎಂಬ ವೃಂದವನ್ನು ಈ ಪದ್ಧತಿಯ ಮೂಲವೆಂದು ಎಣಿಸುತ್ತಾರೆ. ಅದರ ಗಿಟಾರ್ ವಾದಕ ಟೋನಿ ಐಯೋಮಿಯು ಹದಿನೇಳನೆಯ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಬಲಗೈಯ ಎರಡು ಬೆರಳ ತುದಿಗಳನ್ನು ಕಳೆದುಕೊಂಡನು. ಎಡಚನಾದ ಅವನಿಗೆ ಮೆಟ್ಟಿಲುಗಳ ಮೇಲೆ ಓಡಬೇಕಾದ ಬೆರಳುಗಳು ಅವೇ. ವಾದನವು ಮುಗಿಯಿತೆಂದು ಕೈಚೆಲ್ಲಿದ್ದವನಿಗೆ ಕಾರ್ಖಾನೆಯ ಮೇಲ್ವಿಚಾರಕನು ಜ್ಯಾಂಗೋ ರೈನ್‌ಹಾರ್ಟ್ ಎಂಬ ವಾದಕನ ಧ್ವನಿಮುದ್ರಿಕೆಯನ್ನು ಕೇಳಿಸಿದನು. ಆ ವಾದಕನು ೧೯೨೮ರಲ್ಲಿ ಬೆಂಕಿಯಿಂದ ಎಡಗೈ ಸುಟ್ಟುಕೊಂಡ ಮೇಲೂ ಎರಡೇ ಬೆರಳುಗಳ ಬಲದಿಂದ ಹೆಸರಾದವನು. ಅದನ್ನು ಕೇಳಿ ಐಯೋಮಿಯು ಬೆರಳುಗಳಿಗೆ ಪ್ಲಾಸ್ಟಿಕ್ಕಿನ ಟೋಪಿಗಳನ್ನು ತಾನೇ ಮಾಡಿಕೊಂಡು, ತೆಳುವಾದ ತಂತಿಗಳನ್ನು ಕಟ್ಟಿ, ಮುಂದೆ ಅವುಗಳನ್ನು ಸಡಿಲಿಸಿ ಶ್ರುತಿಯನ್ನೂ ಇಳಿಸಿದನು. ಹೀಗೆ ಹುಟ್ಟಿದ ಮಂದ್ರವಾದ ಭಾರದ ನಾದವೇ ಆ ಸಂಗೀತದ ಲಕ್ಷಣವಾಯಿತು. ಗದಗಿನ ಹುಡುಗನಿಗೂ ಬರ್ಮಿಂಗ್‌ಹ್ಯಾಮಿನ ತರುಣನಿಗೂ ಬೇರಾವ ಹೋಲಿಕೆಯೂ ಇಲ್ಲ. ತಿರುಗುವ ತಟ್ಟೆಯೊಂದು ಇಬ್ಬರ ಬಾಳನ್ನೂ ತಿರುಗಿಸಿತೆಂಬುದು ಮಾತ್ರ ಸಮಾನ.

ಈ ಸಂಗೀತದಲ್ಲಿ ವಿದ್ಯುತ್ತಿನಿಂದ ನಾದವನ್ನು ಒರಟಾಗಿಸುವುದರಿಂದ ಹಲವು ಸ್ವರಗಳನ್ನು ಒಟ್ಟಿಗೆ ಮೀಟಿದರೆ ಕಲಸಿಹೋಗುವುವು. ಷಡ್ಜಪಂಚಮಗಳ ಜೋಡಿಯು ಮಾತ್ರ ಸ್ಪಷ್ಟವಾಗಿ ನಿಲ್ಲುವುದು. ಆದುದರಿಂದ ಅದನ್ನೇ ಆಧಾರವಾಗಿ ಹಿಡಿಯುತ್ತಾರೆ. ತಂಬೂರಿಯನ್ನು ಬಲ್ಲವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ವೃಂದದಲ್ಲಿರುವವರು ನಾಲ್ಕಾರು ಜನ; ಲೆಕ್ಕದಲ್ಲಿ ಶಾರ್ಙ್ಗದೇವನ ಕನಿಷ್ಠವೃಂದಕ್ಕಿಂತಲೂ ಸಣ್ಣದು. ನಾದದಲ್ಲಾದರೋ ಕೋಲಾಹಲವೆಂಬ ಹೆಸರಿಗೆ ತಕ್ಕುದು.

ಬೆಂಗಳೂರಿನ ತರುಣರು ಈ ಪದ್ಧತಿಯನ್ನು ಕಲಿತುದು ಮೊದಲಿಗೆ ಧ್ವನಿಸುರುಳಿಗಳಿಂದ. ಕಲಿಸುವ ಗುರುಗಳು ವಿರಳ. ಸುರುಳಿಯನ್ನು ಹಿಂದಕ್ಕೆ ಸುತ್ತಿ ಸುತ್ತಿ ಒಂದೊಂದು ವರಸೆಯನ್ನು ಕೈಗೆ ತಂದುಕೊಳ್ಳಬೇಕಾಗಿದ್ದಿತು. ೧೯೯೮ರಲ್ಲಿ ಅಲ್ಲಿ ಹುಟ್ಟಿದ ಕ್ರಿಪ್ಟೋಸ್ ಎಂಬ ವೃಂದವು, ೧೯೮೦ರ ದಶಕದ ಪಾಶ್ಚಾತ್ಯ ವೃಂದಗಳ ಜಾಡನ್ನು ಹಿಡಿದು ಬೆಳೆದು, ೨೦೧೩ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸುವ ಮಟ್ಟಕ್ಕೆ ಏರಿತು. ೨೦೦೭ರ ಮಾರ್ಚ್ ೧೭ರಂದು ಐರನ್ ಮೇಡನ್, ೨೦೧೧ರ ಅಕ್ಟೋಬರ್ ೩೦ರಂದು ಮೆಟಾಲಿಕಾ ಎಂಬ ಹೆಸರಾಂತ ವೃಂದಗಳು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ, ಸುರುಳಿಗಳಲ್ಲಿ ಮಾತ್ರ ಕೇಳಿದ್ದುದನ್ನು ತರುಣರು ಕಣ್ಣಾರೆ ಕಂಡರು. ಐರನ್ ಮೇಡನ್ನಿನ ವಾದನದಲ್ಲಿ ಒಂದು ಗಿಟಾರು ನುಡಿಸಿದ ವರಸೆಯನ್ನೇ ಇನ್ನೊಂದು ಗಾಂಧಾರದ ಅಂತರದಲ್ಲಿ ಜೊತೆಯಾಗಿ ನುಡಿಸುವುದು ಪ್ರಸಿದ್ಧ. ಇದನ್ನು ಸುರುಳಿಯಿಂದ ಕೇಳಿ ತಿಳಿಯಬಹುದು. ಆದರೆ ಇನ್ನೊಬ್ಬನಿಲ್ಲದೆ ಸಾಧಿಸಲಾಗದು. ಮಿಲನವೆಂಬ ಎರಡನೆಯ ವೃಂದಗುಣವೇ ಇದು. ಮನೆಯ ಕೋಣೆಯಲ್ಲಿ ಎಷ್ಟೇ ವೇಗವಾಗಿ ಬೆರಳಾಡಿಸಲಿ, ಭೇರಿಯವನ ಲಯಕ್ಕೆ ಒಳಗಾಗಿ, ಜೊತೆಗಾರನಿಗೆ ಎಡೆಗೊಟ್ಟು, ತನ್ನ ಸರದಿಯಲ್ಲಿ ಮುಂದೆ ಬಂದು, ಮುಗಿದೊಡನೆ ಹಿಂದೆ ಸರಿಯುವುದನ್ನು ಕಲಿಯುವವರೆಗೆ ತರುಣನು ವಾದಕನೆನಿಸಿಕೊಳ್ಳುವುದಿಲ್ಲ. ದೇಶ ಬೇರೆ, ವಾದ್ಯ ಬೇರೆ, ರುಚಿ ಬೇರೆ. ಕಲಿಕೆಯ ಕ್ರಮವು ಮಾತ್ರ ಕರಡಿಮಜಲಿನ ಹುಡುಗನದೇ.

೭

ಮೇಳದ ವಿಷಯದಲ್ಲಿ ವಿದ್ವಾಂಸರ ಆಕ್ಷೇಪಗಳು ಎರಡು. ಮೊದಲನೆಯದು, ಸಭೆಯ ಚಪ್ಪಾಳೆಗೆ ಆಸೆಪಟ್ಟು ವಿದ್ಯೆಯು ಹಗುರವಾಗುತ್ತದೆ ಎಂಬುದು. ಎರಡನೆಯದು, ಎಳೆಯ ಕಂಠಕ್ಕೂ ಕೈಗೂ ಮೀರಿದ ಶ್ರಮ ಬಿದ್ದು ಕೆಡುತ್ತವೆ ಎಂಬುದು. ಇವೆರಡರಲ್ಲಿಯೂ ಸತ್ಯಾಂಶವಿಲ್ಲದೆ ಇಲ್ಲ. ನಾಟಕದ ಹಾಡಿನ ಕಾಲಾವಧಿ ಚಿಕ್ಕದು. ರಾಗವನ್ನು ನಿಧಾನವಾಗಿ ಬಿಡಿಸಿ ತೋರುವುದಕ್ಕೆ ಅಲ್ಲಿ ಅವಕಾಶವಿಲ್ಲ. ಮನಸೂರರಾಗಲಿ ಜೋಶಿಯವರಾಗಲಿ ಮೇಳದಲ್ಲಿಯೇ, ಮುದ್ರಿಕೆಯಲ್ಲಿಯೇ ನಿಂತುಬಿಟ್ಟಿದ್ದರೆ ಇಂದು ಅವರ ಹೆಸರನ್ನು ಎತ್ತುವ ಪ್ರಸಂಗವೇ ಬರುತ್ತಿರಲಿಲ್ಲ. ಮೇಳವು ಗುರುವಿಗೆ ಬದಲಲ್ಲ. ಆದರೆ ಗುರುವೂ ಮೇಳಕ್ಕೆ ಬದಲಲ್ಲವೆಂಬುದು ಮೇಲಿನ ದೃಷ್ಟಾಂತಗಳಿಂದ ಸಿದ್ಧವಾಗುತ್ತದೆ. ಗುರುವಿನಲ್ಲಿಗೆ ಹೋಗುವುದಕ್ಕೆ ಕಾಲು ಬೇಕು. ಆ ಕಾಲನ್ನು ಕೊಟ್ಟುದು ಮೇಳ.

ಇನ್ನೊಂದು ಸಂಗತಿಯನ್ನು ಮರೆಯಲಾಗದು. ಗುರುವು ದೊರೆತವರು ಹೆಸರಾದರು. ದೊರೆಯದವರು ಮೇಳದಲ್ಲಿಯೇ ಉಳಿದರು. ಹಾಗೆ ಉಳಿದವರೆಲ್ಲ ಕಡಮೆಯ ಪ್ರತಿಭೆಯವರೆಂದು ಹೇಳಲು ಆಧಾರವಿಲ್ಲ. ಮೆರವಣಿಗೆಯಲ್ಲಿ ಸನಾದಿಯನ್ನು ಊದಿದವನ ಮನೆತನ, ಜಾತಿ, ಬಡತನ, ಇವು ಅವನನ್ನು ಗುರುವಿನ ಮನೆಯ ಜಗಲಿಯವರೆಗೂ ಬಿಡದಿದ್ದುದುಂಟು. ಗುರುಪರಂಪರೆಯನ್ನು ಮಾತ್ರವೇ ಚರಿತ್ರೆಯೆಂದು ಕರೆದರೆ, ಬಾಗಿಲಿನ ಹೊರಗೆ ನಿಂತವರನ್ನು ಎರಡನೆಯ ಸಲ ಹೊರಗೆ ನಿಲ್ಲಿಸಿದಂತಾಗುತ್ತದೆ.

ಆದುದರಿಂದ ಮಾಡತಕ್ಕ ಕೆಲಸವು ಸ್ಪಷ್ಟವಾಗಿದೆ. ೧೯೯೭ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಕೊಪ್ಪಳದಲ್ಲಿ ಈಗ ಶಾಲಾ ಕಾಲೇಜುಗಳಿಗೂ ಕನ್ನಡದ ಅಧ್ಯಾಪಕರಿಗೂ ಕೊರತೆಯಿಲ್ಲ. ಅವರು ತಮ್ಮ ತಮ್ಮ ಊರಿನ ಮೇಳಗಳನ್ನು ಕುರಿತು ನಾಲ್ಕು ವಿಷಯಗಳನ್ನು ಬರೆದಿಡಬೇಕು: ಮೇಳದಲ್ಲಿ ಯಾರು ಯಾರು ಇದ್ದರು; ಯಾವ ವಾದ್ಯಗಳನ್ನು ಯಾವ ಶ್ರುತಿಯಲ್ಲಿ ನುಡಿಸಿದರು; ಯಾವ ಹಾಡು, ಯಾವ ತಾಳಗಳು ಬಳಕೆಯಲ್ಲಿದ್ದುವು; ಮೇಳದಿಂದ ಹೊರಟು ಶಾಸ್ತ್ರಾಭ್ಯಾಸಕ್ಕೆ ಹೋದವರು ಯಾರು, ಹೋಗಲಾರದೆ ಉಳಿದವರು ಯಾರು. ಧ್ವನಿಯನ್ನೂ ಚಿತ್ರವನ್ನೂ ಹಿಡಿದಿಡುವ ಉಪಕರಣಗಳು ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿಯೂ ಇವೆ. ಹಿಂದಿನವರಿಗೆ ಇಲ್ಲದ ಈ ಅನುಕೂಲವಿರುವಾಗ ಕೆಲಸವನ್ನು ಮುಂದಕ್ಕೆ ಹಾಕಿದರೆ, ದೋಷವು ಕಾಲದ್ದಾಗದು. ಮೇಳಗಳ ಹಿರಿಯರು ತೀರಿಕೊಂಡಂತೆಲ್ಲ, ಸಂಗೀತಚರಿತ್ರೆಯ ಮೊದಲ ಅಧ್ಯಾಯದ ಹಾಳೆಗಳು ಒಂದೊಂದಾಗಿ ಕಳಚಿ ಬೀಳುತ್ತಿವೆ. ಉಳಿದಿರುವ ಹಾಳೆಗಳನ್ನಾದರೂ ಓದಿ ನಕಲು ಮಾಡಿಕೊಳ್ಳುವುದು ಈ ತಲೆಮಾರಿನ ವಿದ್ವಾಂಸರ ಕರ್ತವ್ಯವಾಗಿದೆ.